ಬೆಲೆಯಿಲ್ಲದ ಗೊನೆ, ಕೆಡದ ಹುಡಿ: 2021ರ ಬಾಕಾಹು ಪ್ರಕರಣ

ಅಡಿಕೆ ಕಾಯುತ್ತದೆ. ಚೀಲ ಕಟ್ಟಿ ಇಟ್ಟರೆ ಮುಂದಿನ ವರ್ಷದ ದರದವರೆಗೂ ಸುಮ್ಮನೆ ಕೂತಿರುತ್ತದೆ. ಕಾಳುಮೆಣಸಿನ ತಾಳ್ಮೆ ಇನ್ನೂ ದೊಡ್ಡದು. ಮಗಳ ಮದುವೆಗೆಂದು ವರ್ಷಗಳ ಮೊದಲೇ ಮೆಣಸಿನ ಚೀಲ ತೆಗೆದಿಟ್ಟ ಮನೆಗಳು ನಮ್ಮ ಕಡೆ ಇವೆ. ಅದೇ ತೋಟದಲ್ಲಿ, ಅದೇ ಮರಗಳ ಸಂದಿಯಲ್ಲಿ, ಅದೇ ನೀರು ಕುಡಿದು ಬೆಳೆಯುವ ಬಾಳೆಗೆ ಮಾತ್ರ ಈ ಗುಣ ಬರಲಿಲ್ಲ. ಬಲಿತ ಗೊನೆ ಕಡಿದ ಮೇಲೆ ಒಂದು ವಾರ, ಹವೆ ತಂಪಾಗಿದ್ದರೆ ಇನ್ನೂ ಮೂರು ನಾಲ್ಕು ದಿನ. ಅಷ್ಟರೊಳಗೆ ಅದು ಮಾರಿಹೋಗಬೇಕು, ಇಲ್ಲವೇ ಮನೆಯಲ್ಲಿ ತಿಂದು ಮುಗಿಯಬೇಕು, ಎರಡೂ ಆಗದಿದ್ದರೆ ಕೊಟ್ಟಿಗೆ ಸೇರಬೇಕು.

2021ರ ಜೂನ್ ತಿಂಗಳಿನಲ್ಲಿ ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಎಮ್ಮೆ ತಿಂದಷ್ಟು ಬಾಳೆಹಣ್ಣನ್ನು ಮನುಷ್ಯರು ತಿಂದಿರಲಿಲ್ಲ. ಕೋವಿಡ್‌ನ ಎರಡನೇ ಅಲೆಯ ಕಾಲ. ಏಪ್ರಿಲ್ 27ರಿಂದ ರಾಜ್ಯದಲ್ಲಿ ನಿರ್ಬಂಧ ಶುರುವಾಗಿ, ಮೇ 10ರಿಂದ ಬಿಗಿಯಾಗಿ, ಜೂನ್ 14ರ ನಂತರ ಹಂತಹಂತವಾಗಿ ಸಡಿಲವಾಯಿತು. ದೇವಸ್ಥಾನಗಳ ಬಾಗಿಲು ಭಕ್ತರಿಗೆ ತೆರೆಯುವ ಹೊತ್ತಿಗೆ ಜುಲೈ ಬಂದಿತ್ತು. ಬಾಳೆಗೆ ಗಿರಾಕಿ ಯಾರು ಎಂದು ಯೋಚಿಸಿದರೆ ಸಂಗತಿ ತಾನೇ ಬಿಚ್ಚಿಕೊಳ್ಳುತ್ತದೆ: ಮದುವೆ, ಉಪನಯನ, ಗೃಹಪ್ರವೇಶ, ದೇವರ ಹಣ್ಣುಕಾಯಿ, ಹೋಟೆಲು, ಬಸ್ ನಿಲ್ದಾಣದ ಗೂಡಂಗಡಿ. ಒಂದೊಂದಾಗಿ ಎಲ್ಲವೂ ಮುಚ್ಚಿದ್ದವು. ವ್ಯಾಪಾರಿ ಫೋನಿನಲ್ಲಿ ಕಿಲೋಗೆ ಐದು ರೂಪಾಯಿ ಎಂದ. ಸಾಗಾಟದ ಖರ್ಚು ನಮ್ಮದೇ ಎಂದು ಸೇರಿಸಿದ. ಮಾವನವರು ಏನೂ ಹೇಳದೆ ಫೋನ್ ಇಟ್ಟು ಕತ್ತಿ ತೆಗೆದುಕೊಂಡು ತೋಟಕ್ಕೆ ಇಳಿದರು. ಗೊನೆ ಕಡಿಯಲೇಬೇಕು, ಏಕೆಂದರೆ ಗಿಡದ ಮೇಲೆ ಬಿಟ್ಟರೂ ಅದು ಕಾಯುವುದಿಲ್ಲ. ಅಲ್ಲೇ ಹಣ್ಣಾಗುತ್ತದೆ, ಸಿಪ್ಪೆ ಬಿರಿಯುತ್ತದೆ, ಬಾವಲಿಗಳು ಬರುತ್ತವೆ.

ಇನ್ನೊಂದು ವಿಷಯ. ಆ ಜೂನ್‌ನಲ್ಲಿ ಕಡಿದದ್ದು ಹಿಂದಿನ ವರ್ಷದ ಮಳೆಗಾಲದಲ್ಲಿ ನೆಟ್ಟ ಕಂದು. ಬಾಳೆ ನೆಟ್ಟು ಗೊನೆ ಕಡಿಯಲು ಸುಮಾರು ಒಂದು ವರ್ಷ ಬೇಕು. ಮೊದಲ ಅಲೆಯ ಲಾಕ್‌ಡೌನ್ ಮುಗಿದು, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ನೆಟ್ಟವರು ಎರಡನೇ ಅಲೆಯಲ್ಲಿ ಕಡಿದರು. ನಮ್ಮ ಎಣಿಕೆ ತಪ್ಪಿತು ಅನ್ನುವುದಕ್ಕಿಂತ, ಎಣಿಕೆಗೆ ಸಿಗುವ ಕಾಲವೇ ಅದಾಗಿರಲಿಲ್ಲ.

ಆ ದಿನಗಳಲ್ಲಿ ಹುಟ್ಟಿ ಮೂರೇ ವಾರಗಳಲ್ಲಿ ನಾಡೆಲ್ಲ ಓಡಾಡಿದ ಒಂದು ಪದ 'ಬಾಕಾಹು'. ಬಾಳೆ, ಕಾಯಿ, ಹುಡಿ, ಈ ಮೂರರ ಮೊದಲ ಅಕ್ಷರಗಳು. ಹುಡಿ ಎಂದರೆ ಕರಾವಳಿಯ ಮಾತಿನಲ್ಲಿ ಪುಡಿ. ಅದು ಹೇಗೆ ಹಬ್ಬಿತು, ಎಲ್ಲಿ ಗೆದ್ದಿತು, ಎಲ್ಲಿ ನಿಂತಿತು ಎಂಬುದನ್ನು ಹತ್ತಿರದಿಂದ ಕಂಡವಳಾಗಿ, ಒಂದೆರಡು ಸಲ ಕೈ ಸುಟ್ಟುಕೊಂಡವಳಾಗಿ ಬರೆಯುತ್ತಿದ್ದೇನೆ.

ಕಾಯಿ ಬೇರೆ, ಹಣ್ಣು ಬೇರೆ

ಇಂಗ್ಲಿಷ್‌ನಲ್ಲಿ ಬಾಳೆಗೆ ಎರಡು ಹೆಸರುಗಳಿವೆ. ಸುಲಿದು ತಿನ್ನುವ ಸಿಹಿ ಬಗೆ ಬನಾನಾ, ಬೇಯಿಸಿ ತಿನ್ನುವ ಪಿಷ್ಟದ ಬಗೆ ಪ್ಲಾಂಟೇನ್. ಕನ್ನಡದಲ್ಲೂ ಎರಡು: ಬಾಳೆಹಣ್ಣು, ಬಾಳೆಕಾಯಿ. ಆದರೆ ಅವರ ಹೆಸರುಗಳು ತಳಿಯನ್ನು ಬೇರ್ಪಡಿಸುತ್ತವೆ, ನಮ್ಮವು ದಿನವನ್ನು. ಇವತ್ತು ಪಲ್ಯವಾಗಬಹುದಾದದ್ದು ಮುಂದಿನ ವಾರ ರಸಾಯನವಾಗುತ್ತದೆ. ಹೀಗಾಗಿಯೇ ಏನೋ, ದಕ್ಷಿಣ ಭಾರತದ ಹಳೆಯ ಇಂಗ್ಲಿಷ್‌ನಲ್ಲಿ ಹಣ್ಣಿಗೂ ಪ್ಲಾಂಟೇನ್ ಎನ್ನುವ ರೂಢಿ ಬೆಳೆದು, ಹೊರಗಿನವರನ್ನು ಗಲಿಬಿಲಿಗೊಳಿಸುತ್ತಿತ್ತು.

ತಳಿಯ ಭೇದ ನಮಗೆ ಗೊತ್ತಿಲ್ಲವೆಂದಲ್ಲ. ಅಪ್ಪಟ ಪ್ಲಾಂಟೇನ್ ಗುಂಪಿಗೆ ಸೇರಿದ ತಳಿ ನಮ್ಮಲ್ಲಿ ನೇಂದ್ರ. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಕೊಡಗಿನ ಕಡೆ ಕೇರಳದ ಮಾರುಕಟ್ಟೆಯನ್ನು ನಂಬಿ ಎಕರೆಗಟ್ಟಲೆ ಬೆಳೆಯುತ್ತಾರೆ. ಬೂದಿ ಬಳಿದಂತೆ ಕಾಣುವ ದಪ್ಪ ಕೋನಗಳ ಬೂದುಬಾಳೆ ಬಜ್ಜಿಗೆ, ಪಲ್ಯಕ್ಕೆ. ಮೂಸಾ ಅಕ್ಯುಮಿನೇಟಾ, ಮೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡು ಬಾಳೆಗಳ ರಕ್ತ ಈ ಎರಡರಲ್ಲೂ ಬೆರೆತಿದೆ. ನೇಂದ್ರದಲ್ಲಿ ಮೊದಲನೆಯದರ ಪಾಲು ಹೆಚ್ಚು, ಬೂದುಬಾಳೆಯಲ್ಲಿ ಎರಡನೆಯದರ ಪಾಲು. ಪೇಟೆಯಲ್ಲಿ ರಾಶಿ ಬೀಳುವ ಪಚ್ಚಬಾಳೆ, ಜಿ-9 ಇವುಗಳಲ್ಲಿ ಬಾಲ್ಬಿಸಿಯಾನಾದ ಪಾಲೇ ಇಲ್ಲ. ಅವು ತಿನ್ನುವ ಹಣ್ಣಿಗಾಗಿಯೇ ಬೆಳೆಯುವ ಜಾತಿ. ಆದರೂ ಹಸಿರಾಗಿರುವಷ್ಟು ದಿನ ಅವೂ ತರಕಾರಿಯೇ. ಇನ್ನೊಂದು ಸಣ್ಣ ಸಮಾಧಾನ: ಬಾಳೆ ಮರವಲ್ಲ, ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ನಿಂತ ಕಂಬ, ಅದರ ನಿಜವಾದ ಕಾಂಡ ನೆಲದೊಳಗಿನ ಗಡ್ಡೆ ಎಂದು ಸಸ್ಯಶಾಸ್ತ್ರದ ಪಾಠದಲ್ಲಿ ಓದಿದಾಗ ನಮ್ಮ ಊರಿನವರಿಗೆ ಆಶ್ಚರ್ಯವಾಗುವುದಿಲ್ಲ. ನಾವು ಹೇಳುವುದು ಬಾಳೆಗಿಡ ಎಂದೇ.

ಹಸಿರು ಕಾಯಿಯ ತಿರುಳಿನಲ್ಲಿ ನೀರನ್ನು ಬಿಟ್ಟು ಉಳಿದದ್ದರಲ್ಲಿ ಮುಕ್ಕಾಲು ಪಾಲಿನಷ್ಟು ಪಿಷ್ಟ. ಎಥಿಲೀನ್ ಎಂಬ ಅನಿಲವನ್ನು ಕಾಯಿ ತಾನೇ ಬಿಡತೊಡಗಿದ ಕೂಡಲೇ ಅದರ ಉಸಿರಾಟ ಏರುತ್ತದೆ, ಆ ಪಿಷ್ಟವೆಲ್ಲ ಕೆಲವೇ ದಿನಗಳಲ್ಲಿ ಸಕ್ಕರೆಯಾಗುತ್ತದೆ. ಆಮೇಲೆ ಯಾರಿಂದಲೂ ತಡೆಯಲಾಗದು. ಹಣ್ಣನ್ನು ಒಣಗಿಸಬಹುದು ನಿಜ, ಸುಕೇಳಿ ಮಾಡಿದವರಿಗೆ ಗೊತ್ತು. ಆದರೆ ಅದು ಅಂಟು, ಇರುವೆ ಮುತ್ತುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕಾಯಿಯನ್ನು ಒಣಗಿಸಿದರೆ ಸಿಗುವುದು ಧಾನ್ಯದಂಥ ವಸ್ತು. ಗಡಿಯಾರ ಬೆಳೆಗಾರನ ಕೈಯಲ್ಲಿರುವುದು ಆ ಹಸಿರಿನ ದಿನಗಳಲ್ಲಿ ಮಾತ್ರ. ಬಾಕಾಹುವಿನ ಪೂರ್ತಿ ಗುಟ್ಟು ಇಷ್ಟೇ.

ಪುತ್ತೂರಿನಿಂದ ಹೊರಟ ಸುದ್ದಿ

ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಕೊಡುವುದನ್ನೇ ವ್ರತವಾಗಿಟ್ಟುಕೊಂಡ ಮಾಸಿಕ. ಅದರ ಸಂಪಾದಕ ಬಳಗದ ಶ್ರೀ ಪಡ್ರೆಯವರು ಮಳೆನೀರಿನ ಬಗ್ಗೆ, ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದು ಜನರನ್ನು ಎಬ್ಬಿಸಿದವರು. ಬಾಳೆಯ ದರ ಕುಸಿದಿದ್ದಾಗ ಅವರ ಗಮನಕ್ಕೆ ಬಂದದ್ದು ಕೇರಳದ ಒಂದು ಕೆಲಸ. ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರ ಮನೆಯ ಮಟ್ಟದಲ್ಲಿ ಬಾಳೆಕಾಯಿ ಹಿಟ್ಟು ಮಾಡುವುದನ್ನು ಅಲ್ಲಿನ ಮಹಿಳೆಯರಿಗೆ ಕಲಿಸಿತ್ತು. ಆ ವಿಧಾನ ವಾಟ್ಸ್‌ಆಪ್ ಮೂಲಕ ಕನ್ನಡಕ್ಕೆ ದಾಟಿತು. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಕೃಷಿಕ ಮಹಿಳೆಯೊಬ್ಬರು ಅದನ್ನು ಓದಿ ಸುಮ್ಮನಿರದೆ ಮನೆಯಲ್ಲೇ ಮಾಡಿ, ರೊಟ್ಟಿ ತಟ್ಟಿ ಚಿತ್ರ ಹಾಕಿದರು.

ಆಮೇಲೆ ನಡೆದದ್ದನ್ನು ಚಳವಳಿ ಎಂದು ಕರೆದರು. ನನಗೆ ಅದು ಮದುವೆ ಮನೆಯ ಹಿಂದಿನ ದಿನದ ಅಡುಗೆಮನೆಯಂತೆ ಕಂಡಿತು. ಒಬ್ಬರು ದೋಸೆ ಹಾಕಿದರೆ ಇನ್ನೊಬ್ಬರು ಚಕ್ಕುಲಿ ಒತ್ತುವುದು, ಮತ್ತೊಬ್ಬರು ಗುಲಾಬ್ ಜಾಮೂನು ಕರಿದು 'ಒಡೆಯಲಿಲ್ಲ ನೋಡಿ' ಎಂದು ಬರೆಯುವುದು, ಕೆಳಗೆ ಪಾಕದ ಹದ ಕೇಳುವವರು, ಹೇಳುವವರು. ಆ ವಾಟ್ಸ್‌ಆಪ್ ಗುಂಪಿನಲ್ಲಿ ಹೆಚ್ಚಿನವರು ಹೆಂಗಸರು. ಜುಲೈ 25ರಂದು ಪ್ರಧಾನಿ ನರೇಂದ್ರ ಮೋದಿ ತಮ್ಮ 'ಮನ್ ಕಿ ಬಾತ್' ಬಾನುಲಿ ಮಾತಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯ ಬಾಳೆ ನಾರಿನ ಕೆಲಸವನ್ನು ಹೇಳಿ, ಅದರ ಜೊತೆಗೇ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರು ಬಾಳೆಕಾಯಿ ಹಿಟ್ಟಿನಿಂದ ದೋಸೆ, ಗುಲಾಬ್ ಜಾಮೂನು ಮಾಡುತ್ತಿರುವುದನ್ನು ಹೊಗಳಿದರು. ಅವತ್ತು ನಮ್ಮ ಊರಿನ ಅರ್ಧ ಮನೆಗಳಲ್ಲಿ ಮಳೆಗೆ ಕರೆಂಟ್ ಇರಲಿಲ್ಲ. ಸುದ್ದಿ ಮರುದಿನ ಹಾಲಿನ ಡೈರಿಯಲ್ಲಿ ಸಿಕ್ಕಿತು.

ಇಷ್ಟು ಬೇಗ ಹಬ್ಬಲು ಯಾವ ಯಂತ್ರವೂ ಕಾರಣವಲ್ಲ, ಸಬ್ಸಿಡಿಯೂ ಅಲ್ಲ. ಹಸಿಯಾದದ್ದನ್ನು ಒಣಗಿಸಿ ಇಡುವ ವ್ಯಾಕರಣ ಈ ಅಡುಗೆಮನೆಗಳಲ್ಲಿ ಮೊದಲೇ ಇತ್ತು. ಹಲಸಿನಕಾಯಿ ಹಪ್ಪಳ, ಬಾಳೆಕಾಯಿ ಹಪ್ಪಳ, ಬೂದುಗುಂಬಳದ ಸಂಡಿಗೆ, ಬಾಳಕದ ಮೆಣಸು ಮಾಡಿದ ಕೈಗೆ ಹೆಚ್ಚುವುದು, ಹರಡುವುದು, ಮಗುಚುವುದು, ಕಾಗೆ ಓಡಿಸುವುದು ಏನೂ ಹೊಸದಲ್ಲ. ಪಕ್ಕದ ಕೇರಳದಲ್ಲಿ ಎಳೆಯ ಮಕ್ಕಳಿಗೆ ಕುನ್ನನ್ ಎಂಬ ಬಾಳೆಯ ಕಾಯಿ ಒಣಗಿಸಿ ಪುಡಿ ಮಾಡಿ ಕುರುಕು ಎಂಬ ಗಂಜಿ ಕಾಯಿಸಿ ಕೊಡುವುದು ತಲೆಮಾರುಗಳ ರೂಢಿ. ನಡುವೆ ಮರೆತಿದ್ದ ಒಂದು ಪದವನ್ನು ಯಾರೋ ನೆನಪಿಸಿದಂತಾಯಿತು, ಅಷ್ಟೇ. ಹೊಸದೆಂದರೆ ಹೆಸರು, ಮತ್ತು ಮಾಡಿದ್ದನ್ನು ಊರಿಗೆಲ್ಲ ತೋರಿಸುವ ಅವಕಾಶ. ಹೆಸರಿನ ಬಲವನ್ನು ಕಡಿಮೆ ಎಣಿಸಬಾರದು. 'ಬಾಳೆಕಾಯಿ ಹಿಟ್ಟು' ಎಂದಿದ್ದರೆ ಅದು ಒಂದು ಅಡುಗೆ ಸಾಮಾನು. 'ಬಾಕಾಹು ಮಾಡಿದಿರಾ?' ಎಂದು ಕೇಳುವಾಗ ಅದು ಒಂದು ಸಂಗತಿಯಾಯಿತು.

ನಮ್ಮ ಅಟ್ಟದಲ್ಲಿ ಕೆಟ್ಟದ್ದು

ನಾನೂ ಮೆಟ್ಟುಗತ್ತಿಯ ಮುಂದೆ ಕುಳಿತೆ. ಮೊದಲ ಸಲ ತಪ್ಪಿದ್ದು ಕತ್ತರಿಸುವಾಗಲೇ. ಬಾಳೆಕಾಯಿ ಗಾಳಿಗೆ ತೆರೆದುಕೊಂಡರೆ ಅದರೊಳಗಿನ ಕಿಣ್ವ ಒಗರಿನ ಅಂಶವನ್ನು ಹಿಡಿದು ಕಪ್ಪು ಮಾಡುತ್ತದೆ. ಪಲ್ಯಕ್ಕೆ ಹೆಚ್ಚಿದವರೆಲ್ಲರಿಗೂ ಗೊತ್ತಿರುವ ಮಾತು. ಪಲ್ಯಕ್ಕಾದರೆ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತೇವೆ. ಹುಡಿಗೆ ಹೇಗೂ ಒಣಗುತ್ತದಲ್ಲ ಎಂಬ ಉದಾಸೀನದಿಂದ ಬರಿ ನೀರಿಗೆ ಹಾಕಿದೆ. ಹಲ್ಲೆಗಳು, ಅಂದರೆ ಹೆಚ್ಚಿದ ಬಿಲ್ಲೆಗಳು, ಸಂಜೆಯ ಹೊತ್ತಿಗೆ ಹಳೆಯ ಅಡಿಕೆ ಸಿಪ್ಪೆಯ ಬಣ್ಣಕ್ಕೆ ಬಂದವು. ಅನ್ನ ಬಸಿದ ಗಂಜಿ ತೆಳಿಗೆ ಉಪ್ಪು ಹಾಕಿ ಅದರಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆಯಬೇಕು ಎಂದು ಗುಂಪಿನಲ್ಲಿ ಬರೆದಿದ್ದರು. ಎರಡನೇ ಸಲ ಹಾಗೆ ಮಾಡಿದೆ. ಬೆಳ್ಳಗೆ ಉಳಿಯಿತು.

ಬೆಳ್ಳಗಿದ್ದದ್ದು ಒಣಗಬೇಕಲ್ಲ! ಆಷಾಢದಲ್ಲಿ ಶಿರಸಿ ಸೀಮೆಗೆ ಸೂರ್ಯ ಬರುವುದು ಅಳಿಯ ಮಾವನ ಮನೆಗೆ ಬಂದಂತೆ, ಮುಖ ತೋರಿಸಿ ಹೋಗುತ್ತಾನೆ. 'ಇದು ಮಳೆಗಾಲ ತಂಗಿ, ಉಟ್ಟ ಬಟ್ಟೆಯೇ ಒಣಗುವುದಿಲ್ಲ, ನೀನು ಬಾಳೆಕಾಯಿ ಹರಡುತ್ತೀಯಲ್ಲ' ಎಂದು ಅತ್ತೆ ನಗಾಡಿದರು. ನಕ್ಕ ಮೇಲೆ ಉಪಾಯವನ್ನೂ ಅವರೇ ಹೇಳಿದರು: ಬಚ್ಚಲೊಲೆಯ ಮೇಲಿನ ಅಟ್ಟ. ಮೂರು ದಿನ ಅಲ್ಲಿ ಒಣಗಿದ ಹಲ್ಲೆಗಳಿಂದ ಮಾಡಿದ ರೊಟ್ಟಿಯನ್ನು ಬಾಯಿಗಿಟ್ಟ ಮಾವನವರು 'ಹೊಗೆಸೊಪ್ಪಿನ ರೊಟ್ಟಿ' ಎಂದು ಹೆಸರಿಟ್ಟರು. ಅಟ್ಟದ ಮೂಲೆಯ ತಟ್ಟೆಯಲ್ಲಿ ಹಸಿರು ಬೂಸ್ಟು ಬಂದಿತ್ತು, ಅದನ್ನು ಹೊಂಡಕ್ಕೆ ಎಸೆದೆ. ಮೂರನೇ ಸಲ ಪಕ್ಕದ ಮನೆಯವರ ಅಡಿಕೆ ಡ್ರೈಯರ್ ಕೇಳಿ ಪಡೆದೆವು. ಅಡಿಕೆ ಕೊಯ್ಲಿಲ್ಲದ ಕಾಲವಾದ್ದರಿಂದ ಅದು ಖಾಲಿ ಇತ್ತು. ಒಂದೇ ರಾತ್ರಿಗೆ ಹಲ್ಲೆಗಳು ಟಕ್ಕೆಂದು ಮುರಿಯುವ ಹದಕ್ಕೆ ಬಂದವು. ಬಗ್ಗಿದರೆ ಇನ್ನೂ ನೀರಿದೆ ಎಂದು ಅರ್ಥ, ಹುಡಿ ಕೆಡುತ್ತದೆ, ಮುರಿದರೆ ಸರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಬೇರೆ ಇಲ್ಲ.

ತುರುವೇಕೆರೆಯಲ್ಲಿ ಎಲ್ಲರಿಗಿಂತ ಮೊದಲು ಹುಡಿ ಕೈಗೂಡಿದ್ದಕ್ಕೆ ಮಾಡಿದವರ ಜಾಣ್ಮೆಯ ಜೊತೆಗೆ ಆಕಾಶವೂ ಕಾರಣ ಎಂಬುದು ನನಗೆ ಆಗ ಹೊಳೆಯಿತು. ಅದು ಘಟ್ಟದ ಮಳೆನೆರಳಿನ ಸೀಮೆ, ತೆಂಗಿನ ನಾಡು. ಜುಲೈನಲ್ಲಿ ಅಲ್ಲಿ ಗಾಳಿಯೂ ಇದೆ, ಆಗಾಗ ಬಿಸಿಲೂ ಇದೆ. ಉತ್ಸಾಹ ಮಾತ್ರ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮಳೆ ಸುರಿಯುವ ಎರಡು ಕನ್ನಡ ಜಿಲ್ಲೆಗಳಲ್ಲಿ. ಹೀಗಾಗಿ ಹೆಚ್ಚಿನ ಮನೆಗಳು ಒಂದೆರಡು ಕಿಲೋ ಮಾಡಿ ಚಿತ್ರ ಹಾಕುವಲ್ಲಿಗೆ ನಿಂತವು. ಗೊನೆಗಟ್ಟಲೆ ಮಾಡಿದವರು ಡ್ರೈಯರ್ ಇದ್ದವರು.

ಹಿಟ್ಟಿನ ಗಿರಣಿಯ ಕಥೆ ಬೇರೆ. ನಮ್ಮ ನಾಲ್ಕು ಸೇರು ಹಲ್ಲೆಗಾಗಿ ಗಿರಣಿಯವರು ಕಲ್ಲು ತೊಳೆಯುವುದಿಲ್ಲ. ನಮಗಿಂತ ಮೊದಲು ಯಾರೋ ಮೆಣಸಿನಕಾಯಿ ಬೀಸಿಕೊಂಡು ಹೋಗಿದ್ದರು. ಆ ಸಲದ ಗುಲಾಬ್ ಜಾಮೂನಿನ ವಿಷಯ ಬರೆಯುವುದು ಬೇಡ. ಆಮೇಲೆ ಮಿಕ್ಸಿಯಲ್ಲೇ ಮಾಡಿ ಜರಡಿ ಹಿಡಿದೆ.

ಐದು ರೂಪಾಯಿಯ ಬಾಳೆ, ಇಪ್ಪತ್ತು ರೂಪಾಯಿಯ ಬಾಳೆ

ಪ್ರಕರಣದ ತಿರುಳು ಲೆಕ್ಕದಲ್ಲಿದೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗುತ್ತೇನೆ.

ನೂರು ಕಿಲೋ ಪಚ್ಚಬಾಳೆ ಕಾಯಿ ಎಂದುಕೊಳ್ಳಿ. ಸಿಪ್ಪೆ ಸುಮಾರು ನಲವತ್ತು ಕಿಲೋ ಹೋಯಿತು. ಉಳಿದ ಅರವತ್ತರಲ್ಲಿ ಮುಕ್ಕಾಲು ಭಾಗ ನೀರು. ಒಣಗಿದ ಮೇಲೂ ಹುಡಿಯಲ್ಲಿ ಎಂಟು ಹತ್ತು ಶೇಕಡ ತೇವ ಉಳಿಯುತ್ತದೆಂದು ಹಿಡಿದರೆ ಕೈಗೆ ಬರುವುದು ಹದಿನಾರು ಹದಿನೇಳು ಕಿಲೋ. ನೇಂದ್ರದ ತಿರುಳು ಗಟ್ಟಿ, ಅದರಲ್ಲಿ ನೀರು ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಅದೇ ನೂರು ಕಿಲೋಗೆ ಇಪ್ಪತ್ತನಾಲ್ಕು ಕಿಲೋದವರೆಗೂ ಹುಡಿ ನಿರೀಕ್ಷಿಸಬಹುದು. ಬೇಯಿಸುವ ಬಾಳೆ ಬೇರೆ, ತಿನ್ನುವ ಬಾಳೆ ಬೇರೆ ಎಂಬ ಭೇದಕ್ಕೆ ನಮ್ಮ ಭಾಷೆ ಮಹತ್ವ ಕೊಡದಿದ್ದರೂ ಡ್ರೈಯರ್ ಕೊಡುತ್ತದೆ. ಸಿಪ್ಪೆ ಸಮೇತ ಒಣಗಿಸಿದರೆ ತೂಕ ಹೆಚ್ಚುತ್ತದೆ ಎಂದು ಕೆಲವರು ಹಾಗೆಯೂ ಮಾಡಿದರು. ಹುಡಿ ಬೂದು ಬಣ್ಣಕ್ಕೆ ತಿರುಗಿ ಒಗರಾಗುತ್ತದೆ, ಹೊರಗಿನಿಂದ ತಂದ ಗೊನೆಯಾದರೆ ಸಿಂಪಡಿಸಿದ ಔಷಧಿಯ ಭಯ ಬೇರೆ. ನನಗೆ ಅದು ಹಿಡಿಸಲಿಲ್ಲ.

ಈಗ ದರ. ಕಿಲೋಗೆ ಐದು ರೂಪಾಯಿಯಾದರೆ ನೂರು ಕಿಲೋಗೆ ಐನೂರು. ಒಂದು ಕಿಲೋ ಹುಡಿಯಲ್ಲಿ ಬಾಳೆಕಾಯಿಯ ಪಾಲು ಮೂವತ್ತು ರೂಪಾಯಿ. ಅದೇ ಬಾಳೆಗೆ ಕಿಲೋಗೆ ಇಪ್ಪತ್ತು ಸಿಗುವ ಕಾಲದಲ್ಲಿ ಈ ಪಾಲು ನೂರ ಇಪ್ಪತ್ತು. ಇದರ ಮೇಲೆ ಸುಲಿದು ಹೆಚ್ಚುವ ಕೂಲಿ ಬರುತ್ತದೆ. ನೂರು ಕಿಲೋ ಸುಲಿದು ಹೆಚ್ಚುವುದು ಇಬ್ಬರಿಗೆ ಇಡೀ ದಿನದ ಕೆಲಸ, ಕೈಗೆ ಹತ್ತಿದ ಸೊನೆಯ ಕಲೆ ವಾರವಾದರೂ ಹೋಗುವುದಿಲ್ಲ, ಎಷ್ಟು ತೆಂಗಿನೆಣ್ಣೆ ಹಚ್ಚಿಕೊಂಡು ಕುಳಿತರೂ ಅಷ್ಟೇ. ಸೌದೆ ಅಥವಾ ಕರೆಂಟ್, ಬೀಸುವ ಖರ್ಚು, ಪೊಟ್ಟಣ. ಅಂಗಡಿಯಲ್ಲಿ ಗೋಧಿ ಹಿಟ್ಟು, ಮೈದಾ, ಅಕ್ಕಿ ಹಿಟ್ಟು ನಲವತ್ತು ಐವತ್ತು ರೂಪಾಯಿಗೆ ಸಿಗುತ್ತಿದ್ದ ಆ ಕಾಲದಲ್ಲಿ ಬಾಕಾಹು ಅವುಗಳ ಸಾಲಿನಲ್ಲಿ ನಿಲ್ಲಲು ಸಾಧ್ಯವಿದ್ದದ್ದು ಬಾಳೆಗೆ ಬೆಲೆಯೇ ಇಲ್ಲದಿದ್ದಾಗ, ಅದೂ ಮನೆಮಂದಿಯ ದುಡಿಮೆಗೆ ಕೂಲಿ ಹಿಡಿಯದಿದ್ದಾಗ. ಬಾಳೆಗೆ ಒಳ್ಳೆಯ ದರ ಬಂದ ಮರುಕ್ಷಣ ಹುಡಿ ದುಬಾರಿ ವಸ್ತು.

ಇದನ್ನು ಸೋಲು ಎಂದು ನಾನು ಹೇಳುವುದಿಲ್ಲ. ನಾನು ಕಂಡಂತೆ ಬಾಕಾಹುವಿನ ಕೆಲಸವೇ ಅದು: ದರ ಇಳಿಯುವಾಗ ಅಡ್ಡಗಟ್ಟೆಯಂತೆ ನಿಲ್ಲುವುದು. ವ್ಯಾಪಾರಿ ಐದು ರೂಪಾಯಿ ಎಂದಾಗ 'ಬೇಡ, ನಾವು ಹೆಚ್ಚಿ ಒಣಗಿಸುತ್ತೇವೆ' ಎನ್ನಲು ಒಂದು ದಾರಿ ಇದ್ದರೆ ಮಾತುಕತೆಯ ಧಾಟಿ ಬದಲಾಗುತ್ತದೆ. ಅದನ್ನು ವರ್ಷವಿಡೀ ನಡೆಯುವ ಉದ್ಯಮವೆಂದು ಭಾವಿಸಿ ಸಾಲ ಮಾಡಿ ಯಂತ್ರ ತರಲು ಹೊರಟವರಿಗೆ ಮಾತ್ರ ಈ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ಹಾಗೆ ನೋಡಿದರೆ ಇದನ್ನೇ ಉದ್ಯಮ ಮಾಡಿದ ನಾಡುಗಳೂ ಇವೆ. ಉಗಾಂಡದಲ್ಲಿ ಬೇಯಿಸಿದ ಹಸಿರು ಬಾಳೆಯೇ ಮುಖ್ಯ ಊಟ, ಅದಕ್ಕೆ ಮಟೋಕೆ ಎನ್ನುತ್ತಾರೆ. ಅಲ್ಲಿನ ಸರ್ಕಾರ ಪಶ್ಚಿಮದ ಬುಶೆನ್ಯಿಯಲ್ಲಿ ಕಾರ್ಖಾನೆ ಕಟ್ಟಿ 'ಟೂಕೆ' ಎಂಬ ಹೆಸರಿನಲ್ಲಿ ಬಾಳೆ ಹಿಟ್ಟನ್ನು ಮಾರುಕಟ್ಟೆಗೆ ತಂದಿತು. ನೈಜೀರಿಯಾದ ಯೊರುಬಾ ಜನರು ಪ್ಲಾಂಟೇನ್ ಒಣಗಿಸಿ ಹಿಟ್ಟು ಮಾಡಿ, ಕುದಿವ ನೀರಿಗೆ ಹಾಕಿ ತಿರುವಿ, ನಮ್ಮ ಮುದ್ದೆಯನ್ನು ನೆನಪಿಸುವ ಅಮಲಾ ಮಾಡುತ್ತಾರೆ. ಅಲ್ಲಿ ಬಾಳೆಹಿಟ್ಟಿಗೆ ಊಟದಲ್ಲಿ ಒಂದು ಖಾಯಂ ಜಾಗವಿದೆ. ನಮ್ಮಲ್ಲಿ ಆ ಜಾಗದಲ್ಲಿ ಅಕ್ಕಿ ಕುಳಿತಿದೆ, ರಾಗಿ ಕುಳಿತಿದೆ, ಜೋಳ ಕುಳಿತಿದೆ. ಅವು ಎದ್ದು ಜಾಗ ಕೊಡುವ ಲಕ್ಷಣ ಕಾಣುವುದಿಲ್ಲ, ಕೊಡಬೇಕಾದ ಅಗತ್ಯವೂ ಇಲ್ಲ.

ಬಾಣಲೆಯಲ್ಲಿ ಏನಾಗುತ್ತದೆ

ಬಾಕಾಹುವಿನಲ್ಲಿ ಗ್ಲೂಟೆನ್ ಇಲ್ಲ. ಅಡುಗೆಯ ಭಾಷೆಯಲ್ಲಿ ಹೇಳುವುದಾದರೆ ಎಳೆ ಇಲ್ಲ. ಚಪಾತಿಗೆ ಪೂರ್ತಿ ಅದನ್ನೇ ಕಲಸಿದರೆ ಲಟ್ಟಣಿಗೆಗೆ ಸಿಗದೆ ಒಡೆಯುತ್ತದೆ. ಗೋಧಿಯ ಜೊತೆ ಮೂರರಲ್ಲಿ ಒಂದು ಪಾಲು ಸೇರಿಸಿದರೆ ನಿಲ್ಲುತ್ತದೆ. ಅಕ್ಕಿ ರೊಟ್ಟಿಯಂತೆ ಬಿಸಿನೀರಿನಲ್ಲಿ ಕಲಸಿ ಬಾಳೆಲೆಯ ಮೇಲೆ ತಟ್ಟಿದರೆ ಚೆನ್ನಾಗಿ ಬರುತ್ತದೆ, ಸ್ವಲ್ಪ ಸಿಹಿಯ ನೆರಳಿರುವ ರುಚಿ, ನನಗೆ ಇಷ್ಟ. ಉದ್ದಿನ ಹಿಟ್ಟಿಗೆ ಬೆರೆಸಿದ ದೋಸೆ ಗರಿಯಾಗುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಬಜ್ಜಿಯ ಹಿಟ್ಟಿಗೆ ಕಡಲೆ ಹಿಟ್ಟಿನ ಜೊತೆ ಒಂದು ಮುಷ್ಟಿ ಹಾಕಿದರೆ ಗರಿಗರಿ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಸಾರು, ಗೊಜ್ಜು ಗಟ್ಟಿ ಮಾಡುವ ಕೆಲಸಕ್ಕೆ. ಒಂದೇ ಚಮಚ ಸಾಕು.

ಆರೋಗ್ಯದ ಮಾತಿಗೆ ಬಂದರೆ ಗುಂಪಿನಲ್ಲಿ ಓಡಾಡಿದ ಸಂದೇಶಗಳ ಬಗ್ಗೆ ನನಗೆ ತಕರಾರಿದೆ. ಹಸಿ ಬಾಳೆಕಾಯಿಯ ಪಿಷ್ಟದಲ್ಲಿ ದೊಡ್ಡ ಪಾಲು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ರಕ್ತದ ಸಕ್ಕರೆ ಗಕ್ಕನೆ ಏರುವುದಿಲ್ಲ ಎಂಬುದು ನಿಜ. ಆದರೆ ಆ ಗುಣ ಇರುವುದು ಬೇಯಿಸದ ಹುಡಿಯಲ್ಲಿ. ನೀರಿನೊಂದಿಗೆ ಕುದಿಸಿದಾಗ ಪಿಷ್ಟದ ಕಣಗಳು ಉಬ್ಬಿ ಒಡೆಯುತ್ತವೆ, ಜೀರ್ಣವಾಗದ ಪಾಲಿನ ಬಹುಭಾಗ ಜೀರ್ಣವಾಗುವ ಪಿಷ್ಟವಾಗುತ್ತದೆ. ಅಂದರೆ ಮಜ್ಜಿಗೆಯಲ್ಲಿ ಕದಡಿ ಕುಡಿದ ಚಮಚ ಹುಡಿಗೆ ಹೇಳಬಹುದಾದ ಮಾತನ್ನು ಕಾವಲಿಯ ಮೇಲಿನ ರೊಟ್ಟಿಗೆ ಹೇಳಲಾಗದು. ಸಕ್ಕರೆ ಪಾಕದಲ್ಲಿ ಮುಳುಗಿದ ಜಾಮೂನಿಗೆ ಹೇಳುವುದಂತೂ ಧೈರ್ಯವೇ ಸರಿ.

ಎರಡನೆಯದು, ಹುಡಿಯಲ್ಲಿ ಪ್ರೋಟೀನ್ ಬಹಳ ಕಡಿಮೆ, ಗೋಧಿಯ ಮೂರನೇ ಒಂದು ಪಾಲಿನ ಆಸುಪಾಸು. ಮೈದಾದ ಬದಲಿಗೆ ಬಳಸಿದರೆ ಸರಿ. ರಾಗಿಯ ಬದಲಿಗೆ ಬಳಸಿದರೆ, ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವ ಧಾನ್ಯವನ್ನು ಕೊಟ್ಟು ಕೇವಲ ಪಿಷ್ಟವನ್ನು ತಂದುಕೊಂಡಂತೆ. ಮೂರನೆಯದನ್ನು ಯಾರೂ ಹೇಳಿದ್ದು ನಾನು ಕಾಣಲಿಲ್ಲ: ಬಾಳೆಯಲ್ಲಿ ಪೊಟ್ಯಾಸಿಯಂ ಹೆಚ್ಚು, ನೀರು ಹೋದ ಮೇಲೆ ಅದು ಇನ್ನೂ ಸಾಂದ್ರವಾಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ 'ಎಲ್ಲರಿಗೂ ಒಳ್ಳೆಯದು' ಎಂಬ ಸಂದೇಶವನ್ನು ನಂಬಿ ತಿನ್ನುವಂಥದ್ದಲ್ಲ.

ಶ್ರಾವಣ ಬಂದಾಗ

ಆ ವರ್ಷ ಶ್ರಾವಣ ಆಗಸ್ಟ್ 9ಕ್ಕೆ ಬಂತು. ಆಗಸ್ಟ್ 20ಕ್ಕೆ ವರಮಹಾಲಕ್ಷ್ಮಿ, ಮರುದಿನವೇ ಕೇರಳದಲ್ಲಿ ಓಣಂ ಹಬ್ಬದ ತಿರುವೋಣ, ಸೆಪ್ಟೆಂಬರ್ 10ಕ್ಕೆ ಚೌತಿ. ದೇವಸ್ಥಾನಗಳು ತೆರೆದಿದ್ದವು, ಸಣ್ಣಪುಟ್ಟ ಶುಭಕಾರ್ಯಗಳು ನಡೆಯತೊಡಗಿದವು. ವ್ಯಾಪಾರಿಯ ಫೋನ್ ತಾನಾಗಿ ಬರತೊಡಗಿತು. ಡ್ರೈಯರ್ ಬಾಗಿಲು ಮುಚ್ಚಿತು. ಗುಂಪಿನಲ್ಲಿ ದಿನಕ್ಕೆ ನೂರಾರು ಬರುತ್ತಿದ್ದ ಚಿತ್ರಗಳು ಹತ್ತಕ್ಕೆ ಇಳಿದವು. ಕೆಲವರು ಮಾತ್ರ ಬಿಡದೆ ಪೊಟ್ಟಣ ಕಟ್ಟಿ ಮಾರುವುದನ್ನು ಮುಂದುವರಿಸಿದರು. ಬಾಳೆಕಾಯಿ ಹುಡಿ ಇವತ್ತಿಗೂ ಸಿಗುತ್ತದೆ. ಅದನ್ನು ಕೊಳ್ಳುವವರು ಗೋಧಿ ಒಗ್ಗದವರು, ಎಳೆಯ ಮಕ್ಕಳ ತಾಯಂದಿರು, ಪೇಟೆಯಲ್ಲಿ ಹೊಸ ಹಿಟ್ಟುಗಳನ್ನು ಹುಡುಕುವವರು. ಅವರಿಗೆ ಮಾರುವ ದರದಲ್ಲಿ ಲೆಕ್ಕ ಕೂಡುತ್ತದೆ, ಆದರೆ ಆ ಗಿರಾಕಿಗಳ ಸಂಖ್ಯೆ ಒಂದು ಸೀಮೆಯ ಬಾಳೆಯನ್ನು ಹೊರುವಷ್ಟಿಲ್ಲ. ವರ್ಷಕ್ಕೆ ಮೂರು ಕೋಟಿ ಟನ್‌ಗೂ ಮಿಕ್ಕಿ ಬಾಳೆ ಬೆಳೆಯುವ ದೇಶದಲ್ಲಿ ಹುಡಿಗೆ ಹೋಗುವುದು ಕಣ್ಣಿಗೆ ಕಾಣದಷ್ಟು.

ತಿರುಚಿರಾಪಳ್ಳಿಯಲ್ಲಿ 1993ರಿಂದ ಇರುವ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಹಿಟ್ಟು, ಬಿಸ್ಕತ್ತು, ದಿಂಡಿನ ರಸ, ಹೂವಿನ ತೊಕ್ಕು ಎಂದು ಹಲವು ಉತ್ಪನ್ನಗಳ ವಿಧಾನ ಸಿದ್ಧಪಡಿಸಿದೆ. ಅಂದರೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಆ ತಿಳಿವಳಿಕೆ ಬೇಕಾದ ವಾರದಲ್ಲಿ, ಬೇಕಾದ ಭಾಷೆಯಲ್ಲಿ, ನಮ್ಮಂಥವರ ಮೆಟ್ಟುಗತ್ತಿಯ ಬಳಿಗೆ ಬಂದದ್ದು 2021ರ ಜುಲೈನಲ್ಲಿ.

ನಮ್ಮ ಮನೆಯಲ್ಲಿ ಮೂರು ಬದಲಾವಣೆಗಳು ಉಳಿದಿವೆ. ತೋಟದ ಕೆಳಗಿನ ಸಾಲಿನಲ್ಲಿ ಪಚ್ಚಬಾಳೆ ತೆಗೆದು ಹತ್ತು ಬುಡ ನೇಂದ್ರ ಹಾಕಿದ್ದೇವೆ. ಹುಡಿ ಮಾಡುವುದನ್ನು ಆಷಾಢದಿಂದ ಮಾಘಕ್ಕೆ ವರ್ಗಾಯಿಸಿದ್ದೇನೆ. ಅಡಿಕೆ ಅಂಗಳದಿಂದ ಎದ್ದ ಮೇಲೆ ಅದೇ ಅಂಗಳದಲ್ಲಿ, ಹಪ್ಪಳದ ಪಕ್ಕದಲ್ಲಿ, ಎರಡು ದಿನದ ಬಿಸಿಲು ಸಾಕು. ಮತ್ತೊಂದು, ವ್ಯಾಪಾರಿ ದರ ಹೇಳಿದಾಗ ಮಾವನವರು ಈಗ ತಕ್ಷಣ ಫೋನ್ ಇಡುವುದಿಲ್ಲ. ಒಂದು ಕ್ಷಣ ತಡೆದು, ಅಡುಗೆಮನೆಯ ಕಡೆ ತಿರುಗಿ, 'ತಂಗಿ, ಹುಡಿ ಡಬ್ಬ ಎಷ್ಟು ಖಾಲಿ ಇದೆ?' ಎಂದು ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳುತ್ತಾರೆ. ಡಬ್ಬ ತುಂಬಿದ್ದರೂ ನಾನು 'ಪೂರ್ತಿ ಖಾಲಿ' ಎನ್ನುತ್ತೇನೆ.